ಆಗುಂಬೆಯ ತಿರುವುಗಳೂ ಕಾರಿನ ಕಾಣದ ಎಣ್ಣೆಯೂ

ತೀರ್ಥಹಳ್ಳಿಯಿಂದ ಉಡುಪಿಯ ಕಡೆಗೆ ಸಾಗುವ 169ಎ ಸಂಖ್ಯೆಯ ಹೆದ್ದಾರಿಯು ಮೇಗರವಳ್ಳಿ, ಗುಡ್ಡೇಕೇರಿಗಳನ್ನು ಹಾದು, ಅಡಕೆಯ ತೋಟಗಳನ್ನೂ ಕಣಿವೆಯ ಗದ್ದೆಗಳನ್ನೂ ಎಡಬಲಗಳಲ್ಲಿ ಬಿಡುತ್ತ, ಆಗುಂಬೆಯೆಂಬ ಚಿಕ್ಕ ಊರನ್ನು ಮುಟ್ಟುತ್ತದೆ. ಅಲ್ಲಿಯವರೆಗೆ ಪ್ರಯಾಣಿಕನಿಗೆ ತಾನು ಬೆಟ್ಟದ ಮೇಲಿದ್ದೇನೆಂಬ ಅರಿವೇ ಇರುವುದಿಲ್ಲ. ರಸ್ತೆಯು ಒಮ್ಮೆ ಏರುತ್ತದೆ, ಒಮ್ಮೆ ಇಳಿಯುತ್ತದೆ, ಕಾಡಿನೊಳಗೆ ನುಗ್ಗಿ ಮತ್ತೆ ಬಯಲಿಗೆ ಬರುತ್ತದೆ. ಆದರೆ ಊರನ್ನು ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಎದುರಿನ ನೆಲವೇ ಮುಗಿದುಹೋಗುತ್ತದೆ. ಮುಂದೆ ಬರಿಯ ಆಕಾಶ. ಕೆಳಗೆ ದಟ್ಟವಾದ ಹಸುರು. ಮೋಡವಿಲ್ಲದ ಸಂಜೆಯಾದರೆ ಬಹುದೂರದಲ್ಲಿ ಅರಬ್ಬೀ ಸಮುದ್ರದ ಮೇಲೆ ಮುಳುಗುತ್ತಿರುವ ಸೂರ್ಯ. ಸೂರ್ಯಾಸ್ತವನ್ನು ನೋಡಲೆಂದು ದೂರದೂರುಗಳಿಂದ ಬರುವ ಸಂಸಾರಗಳು ಇಲ್ಲಿ ಗಾಡಿಯನ್ನು ನಿಲ್ಲಿಸಿ, ಬುತ್ತಿಯನ್ನು ಬಿಚ್ಚಿ, ಮಕ್ಕಳನ್ನು ಕಟ್ಟೆಯ ಬಳಿಗೆ ಹೋಗಬೇಡಿರೆಂದು ಎಚ್ಚರಿಸಿ, ಕತ್ತಲಾಗುವ ಮುನ್ನ ಘಟ್ಟವನ್ನು ಇಳಿಯತೊಡಗುತ್ತವೆ.

ಆಗುಂಬೆಯು ಸಮುದ್ರಮಟ್ಟದಿಂದ ಸುಮಾರು 640 ಮೀಟರು ಎತ್ತರದಲ್ಲಿದೆ. ಘಟ್ಟದ ಬುಡದ ಸೋಮೇಶ್ವರವನ್ನು ಸೇರುವುದರೊಳಗೆ ಸುಮಾರು ಅರ್ಧ ಕಿಲೋಮೀಟರಿನಷ್ಟು ನೇರ ಎತ್ತರವನ್ನು ಇಳಿದಿರಬೇಕು. ಈ ಇಳಿತವನ್ನು ಸಾಧಿಸುವುದಕ್ಕಾಗಿ ರಸ್ತೆಯು ಹದಿನಾಲ್ಕು ಬಾರಿ ತನ್ನ ಮೇಲೆಯೇ ತಿರುಗಿಕೊಳ್ಳುತ್ತದೆ. ಈ ಹಿಮ್ಮುರಿ ತಿರುವುಗಳು ಎಷ್ಟು ಇಕ್ಕಟ್ಟಾಗಿವೆಯೆಂದರೆ, ಇಲ್ಲಿ ಸಣ್ಣ ಬಸ್ಸುಗಳೇ ಓಡಾಡುತ್ತವೆ. ಪಶ್ಚಿಮ ಘಟ್ಟವನ್ನು ದಾಟುವ ದಾರಿಗಳು ಕರ್ನಾಟಕದಲ್ಲಿ ಹಲವಿವೆ. ಬಾಳೆಬರೆ, ಚಾರ್ಮಾಡಿ, ಶಿರಾಡಿ, ಬಿಸಿಲೆ, ಸಂಪಾಜೆ—ಒಂದೊಂದಕ್ಕೂ ಅದರದೇ ಸೊಬಗು, ಅದರದೇ ಭಯ. ಆದರೆ ಇಷ್ಟು ಕಿರಿದಾದ ಸ್ಥಳದಲ್ಲಿ ಇಷ್ಟು ತಿರುವುಗಳನ್ನು ಒಂದರ ಕೆಳಗೊಂದು ಜೋಡಿಸಿಟ್ಟ ದಾರಿಯೆಂದರೆ ಆಗುಂಬೆಯದು.

ಇಲ್ಲಿಯ ಮಳೆಯ ಖ್ಯಾತಿಯನ್ನು ಶಾಲೆಯ ಮಕ್ಕಳೂ ಬಲ್ಲರು. ವರ್ಷಕ್ಕೆ ಸರಾಸರಿ 7,500 ಮಿಲಿಮೀಟರಿನ ಆಸುಪಾಸಿನಲ್ಲಿ ಸುರಿಯುವ ಮಳೆಯೆಂದರೆ ಅದು ಬೆಂಗಳೂರಿನ ಮಳೆಯ ಏಳೆಂಟು ಪಾಲು. ಘಟ್ಟದ ನೆತ್ತಿಯಲ್ಲಿ ಈ ನೀರು ಎರಡು ಪಾಲಾಗುತ್ತದೆ. ಮೂಡಲಿಗೆ ಬಿದ್ದದ್ದು ಮಾಲತಿಯಾಗಿ ತುಂಗೆಯನ್ನು ಸೇರಿ, ತುಂಗಭದ್ರೆಯ ಮೂಲಕ ಕೃಷ್ಣೆಗೆ ಕೂಡಿ, ಕಡೆಗೆ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಪಡುವಲಿಗೆ ಬಿದ್ದದ್ದು ಸೀತಾನದಿಯ ಪಾಲಾಗಿ ಬಾರ್ಕೂರಿನ ಕಡೆಗೆ ಹರಿದು ಅರಬ್ಬೀ ಸಮುದ್ರವನ್ನು ಸೇರುತ್ತದೆ.

ದಾರಿಯ ಸೊಬಗನ್ನು ಪ್ರಯಾಣಿಕರು ಕಿಟಕಿಯಿಂದ ನೋಡುತ್ತಾರೆ. ಆ ದಾರಿಯ ಕಷ್ಟವನ್ನು ಅನುಭವಿಸುವ ಭಾಗಗಳಾದರೋ ಅವರ ಪಾದಗಳ ಕೆಳಗೆ, ಕಬ್ಬಿಣದ ಗೂಡುಗಳೊಳಗೆ, ಕತ್ತಲೆಯಲ್ಲಿ ದುಡಿಯುತ್ತಿರುತ್ತವೆ.

ಗಾಡಿಯ ಹಿಂದಿನ ಎರಡು ಚಕ್ರಗಳ ನಡುವಿನ ಅಂತರ ಒಂದು ಮೀಟರು ಮೂವತ್ತೈದು ಸೆಂಟಿಮೀಟರು ಎಂದಿಟ್ಟುಕೊಳ್ಳೋಣ. ಪೂರ್ತಿ ಅರ್ಧವೃತ್ತವಾಗಿರುವ ತಿರುವೊಂದನ್ನು ಸುತ್ತುವಾಗ ಹೊರಬದಿಯ ಚಕ್ರವು ಒಳಬದಿಯ ಚಕ್ರಕ್ಕಿಂತ ಸುಮಾರು ನಾಲ್ಕೂಕಾಲು ಮೀಟರು ಹೆಚ್ಚು ದೂರ ಸಾಗಬೇಕಾಗುತ್ತದೆ. ತಿರುವು ದೊಡ್ಡದಾಗಿರಲಿ ಚಿಕ್ಕದಾಗಿರಲಿ, ಈ ವ್ಯತ್ಯಾಸ ಬದಲಾಗದು. ಚಕ್ರಗಳ ನಡುವಿನ ಅಂತರವೊಂದೇ ಅದನ್ನು ನಿರ್ಧರಿಸುತ್ತದೆ. ಹಳೆಯ ಅಂಬಾಸಿಡರ್ ಗಾತ್ರದ ಚಕ್ರಕ್ಕೆ ಇದು ಹೆಚ್ಚುಕಡಿಮೆ ಎರಡು ಸುತ್ತಿನ ಲೆಕ್ಕ. ಎರಡು ಚಕ್ರಗಳನ್ನೂ ಒಂದೇ ಅಚ್ಚಿಗೆ ಬಿಗಿದುಬಿಟ್ಟಿದ್ದರೆ, ತಿರುವಿನಲ್ಲಿ ಯಾವುದಾದರೊಂದು ಚಕ್ರ ರಸ್ತೆಯ ಮೇಲೆ ಉಜ್ಜಿಕೊಂಡೇ ಹೋಗಬೇಕಿತ್ತು. ಮಳೆಯಿಂದ ಜಾರುವ ಘಟ್ಟದ ದಾರಿಯಲ್ಲಿ ಇದರ ಪರಿಣಾಮವೇನಾದೀತೆಂಬುದನ್ನು ಊಹಿಸಿಕೊಳ್ಳಬಹುದು.

ಈ ತೊಡಕನ್ನು ಬಿಡಿಸಿದ ಸಾಧನವೇ ಡಿಫರೆನ್ಷಿಯಲ್. ಫ್ರಾನ್ಸಿನ ಗಡಿಯಾರದ ಕುಶಲಕರ್ಮಿ ಒನೆಸಿಫೋರ್ ಪೆಕ್ಕರ್ ಎಂಬಾತನು 1827ರ ಸುಮಾರಿಗೆ ಉಗಿಗಾಡಿಗಾಗಿ ಇದಕ್ಕೆ ಪೇಟೆಂಟು ಪಡೆದನು. ಪೆಟ್ರೋಲಿನ ಕಾರು ಹುಟ್ಟುವುದಕ್ಕೆ ಅರ್ಧ ಶತಮಾನಕ್ಕೂ ಹಿಂದಿನ ಮಾತಿದು. ಎಂಜಿನ್ನಿನ ಬಲವು ಗೇರುಪೆಟ್ಟಿಗೆಯನ್ನು ಹಾದು, ಗಾಡಿಯ ಉದ್ದಕ್ಕೂ ಇರುವ ಪ್ರೊಪೆಲರ್ ದಂಡದ ಮೂಲಕ ಹಿಂದಕ್ಕೆ ಬರುತ್ತದೆ. ಅಲ್ಲಿ ಪಿನಿಯನ್ ಎಂಬ ಚಿಕ್ಕ ಹಲ್ಲುಚಕ್ರವು ಕ್ರೌನ್ ಎಂಬ ದೊಡ್ಡ ಹಲ್ಲುಚಕ್ರವನ್ನು ತಿರುಗಿಸುತ್ತದೆ. ಕ್ರೌನಿಗೆ ಹೊಂದಿಕೊಂಡ ಗೂಡಿನೊಳಗಿನ ಪುಟ್ಟ ಹಲ್ಲುಚಕ್ರಗಳು, ನೇರ ದಾರಿಯಲ್ಲಿ ತಮ್ಮ ಅಚ್ಚಿನ ಮೇಲೆ ಹೊರಳದೆ ಸುಮ್ಮನಿದ್ದು, ತಿರುವು ಬಂದೊಡನೆ ಹೊರಳತೊಡಗಿ, ಒಂದು ಚಕ್ರ ಎಷ್ಟು ನಿಧಾನಿಸುವುದೋ ಇನ್ನೊಂದನ್ನು ಅಷ್ಟೇ ಮುಂದೆ ಓಡಗೊಡುತ್ತವೆ. ಆಗುಂಬೆಯ ಹದಿನಾಲ್ಕು ತಿರುವುಗಳಲ್ಲಿ ಒಮ್ಮೆ ಎಡದ ಚಕ್ರ, ಇನ್ನೊಮ್ಮೆ ಬಲದ ಚಕ್ರ ಮುಂದಾಗುತ್ತ, ಬುಡವನ್ನು ಸೇರುವ ಹೊತ್ತಿಗೆ ಎರಡರ ಲೆಕ್ಕವೂ ಹೆಚ್ಚುಕಡಿಮೆ ಸರಿಹೋಗಿರುತ್ತದೆ.

ಉಕ್ಕು ಉಕ್ಕಿಗೆ ತಾಗಿ ತಿರುಗುವ ಈ ಕೆಲಸವೆಲ್ಲ ನಡೆಯುವುದು ಎಣ್ಣೆಯಲ್ಲಿ. ಎಂಜಿನ್ನಿನ ಎಣ್ಣೆಯನ್ನು ಎಲ್ಲರೂ ಬಲ್ಲರು. ಅದಕ್ಕೊಂದು ಅಳತೆಕಡ್ಡಿಯುಂಟು, ಎದುರಿನ ಫಲಕದಲ್ಲಿ ಎಚ್ಚರಿಕೆಯ ದೀಪವುಂಟು. ಗೇರುಪೆಟ್ಟಿಗೆಯ ಎಣ್ಣೆಗೂ ಹಿಂದಿನ ಅಚ್ಚಿನ ಎಣ್ಣೆಗೂ ಬಹುಪಾಲು ಗಾಡಿಗಳಲ್ಲಿ ಇವೆರಡೂ ಇಲ್ಲ. ಎಣ್ಣೆ ಕಡಿಮೆಯಾದರೂ, ಕೆಟ್ಟುಹೋದರೂ ಗಾಡಿ ಓಡುತ್ತಲೇ ಇರುತ್ತದೆ. ಬಯಲುಸೀಮೆಯ ನೇರ ರಸ್ತೆಯಲ್ಲಿ ವರ್ಷಗಟ್ಟಲೆ ಓಡಿದರೂ ಓಡೀತು. ಮನೆಯ ಲೆಕ್ಕದ ಪುಸ್ತಕದಲ್ಲಿ ಪೆಟ್ರೋಲು, ಟೈರು, ಬ್ಯಾಟರಿಗಳೆಲ್ಲ ಕಾಣುತ್ತವೆ. ಇವೆರಡು ಎಣ್ಣೆಗಳ ಹೆಸರು ಮಾತ್ರ ಹುಡುಕಿದರೂ ಸಿಗುವುದಿಲ್ಲ.

ಘಟ್ಟದ ಇಳಿಜಾರಿನಲ್ಲಿ ಈ ಮರೆವು ಹೊರಬೀಳುತ್ತದೆ. ಯಾವ ಗೇರಿನಲ್ಲಿ ಘಟ್ಟವನ್ನು ಹತ್ತುವೆಯೋ ಅದೇ ಗೇರಿನಲ್ಲಿ ಇಳಿ ಎಂಬುದು ಹಳೆಯ ಚಾಲಕರು ಕಿರಿಯರಿಗೆ ಹೇಳುವ ಮಾತು. ಕೆಳಗಿನ ಗೇರಿನಲ್ಲಿ ಇಳಿದರೆ ಎಂಜಿನ್ನೇ ಗಾಡಿಯನ್ನು ಹಿಡಿದು ನಿಲ್ಲಿಸುತ್ತದೆ, ಬ್ರೇಕು ಕಾಯುವುದಿಲ್ಲ. ಆದರೆ ಆಗ ಬಲದ ದಿಕ್ಕು ತಿರುಗುಮುರುಗಾಗುತ್ತದೆ. ಎಂಜಿನ್ನು ಚಕ್ರವನ್ನು ನೂಕುವ ಬದಲು ಚಕ್ರವೇ ಎಂಜಿನ್ನನ್ನು ನೂಕುತ್ತದೆ; ಹಲ್ಲುಗಳು ತಮ್ಮ ಇನ್ನೊಂದು ಮೈಯ ಮೇಲೆ ಭಾರವನ್ನು ಹೊರುತ್ತವೆ. ಕ್ರೌನ್-ಪಿನಿಯನ್ ಸವೆದ ಗಾಡಿಯಲ್ಲಿ, ಆಕ್ಸಿಲರೇಟರಿನ ಮೇಲಿಂದ ಕಾಲು ತೆಗೆದೊಡನೆ ಹಿಂದಿನ ಸೀಟಿನ ಕೆಳಗಿಂದ ದುಂಬಿಯ ಮೊರೆತದಂಥ ಒಂದು ದನಿ ಏಳುವುದುಂಟು. ಬಯಲಿನಲ್ಲಿ ಗಾಳಿಯ ಸದ್ದಿನೊಳಗೆ ಅಡಗಿಹೋಗುವ ಈ ದನಿ, ಕಾಡಿನ ನಿಶ್ಶಬ್ದದಲ್ಲಿ ಸ್ಪಷ್ಟವಾಗಿ ಕೇಳಿಸುತ್ತದೆ. ಆ ವೇಳೆಗೆ ಗಾಡಿಯು ಐದನೆಯ ತಿರುವನ್ನೋ ಆರನೆಯ ತಿರುವನ್ನೋ ದಾಟಿರುತ್ತದೆ. ಎಣ್ಣೆ ಬತ್ತಿಹೋದ ಅಚ್ಚಿನಲ್ಲಿ ಬೇರಿಂಗು ಹಿಡಿದುಕೊಂಡರೆ ಹಿಂದಿನ ಚಕ್ರಗಳು ಓಡುತ್ತಿರುವಾಗಲೇ ಬಿಗಿದುಕೊಳ್ಳಬಹುದು. ಒಂದು ಕಡೆ ಕೊರೆದ ಗೋಡೆ, ಇನ್ನೊಂದು ಕಡೆ ಪ್ರಪಾತವಿರುವಲ್ಲಿ ಅದಕ್ಕಿಂತ ದೊಡ್ಡ ಆಪತ್ತು ಬೇರೆ ಬೇಕಿಲ್ಲ.

ಹಿಂದಿನ ಅಚ್ಚಿಗೆ ಎಂಥ ಎಣ್ಣೆಯಾದರೂ ಸಾಲದು. 1920ರ ದಶಕದಿಂದೀಚೆಗೆ ಕಾರುಗಳಿಗೆ ಹೈಪಾಯಿಡ್ ಎಂಬ ಹಲ್ಲುಚಕ್ರಗಳು ಬಂದವು. ಇವುಗಳಲ್ಲಿ ಪಿನಿಯನ್, ಕ್ರೌನಿನ ನಡುಗೆರೆಗಿಂತ ಕೆಳಗೆ ಕೂರುತ್ತದೆ. ಇದರಿಂದ ಪ್ರೊಪೆಲರ್ ದಂಡ ತಗ್ಗಿ, ಕಾರಿನೊಳಗೆ ಕಾಲಿಡುವ ಜಾಗ ಹೆಚ್ಚಿತು, ಸದ್ದು ಕಡಿಮೆಯಾಯಿತು. ಆದರೆ ಹಲ್ಲುಗಳು ಒಂದರ ಮೇಲೊಂದು ಉರುಳುವುದರ ಜೊತೆಗೆ ಬಲವಾಗಿ ಜಾರುವುದಕ್ಕೂ ತೊಡಗಿದವು. ಸಾಮಾನ್ಯ ಎಣ್ಣೆಯ ಪದರವು ಆ ಒತ್ತಡದಲ್ಲಿ ಹರಿದುಹೋಗುತ್ತದೆ. ಆದಕಾರಣ ಗಂಧಕ, ರಂಜಕಗಳ ಸಂಯುಕ್ತಗಳನ್ನು ಸೇರಿಸಿದ ಎಣ್ಣೆ ಬೇಕು. ಅವು ಕಾದ ಹಲ್ಲಿನ ಮೈಗೆ ಅಂಟಿ, ಉಕ್ಕು ಉಕ್ಕನ್ನು ಕಚ್ಚದಂತೆ ತಡೆಯುತ್ತವೆ. ಗೇರಿನ ಎಣ್ಣೆಯ ಡಬ್ಬಿಯನ್ನು ತೆರೆದೊಡನೆ ಮೂಗಿಗೆ ಅಡರುವ ಘಾಟು ಈ ಗಂಧಕದ್ದು.

ಗೇರುಪೆಟ್ಟಿಗೆಯ ವಿಷಯ ಬೇರೆ. ಅದರೊಳಗೆ ಗೇರು ಬದಲಾಗುವಾಗ ವೇಗವನ್ನು ಹೊಂದಿಸುವ ಹಿತ್ತಾಳೆಯ ಬಳೆಗಳಿರುತ್ತವೆ. ಅಚ್ಚಿಗೆ ಹಿತವಾದ ಗಂಧಕವು ಪ್ರಮಾಣ ಮೀರಿದರೆ ಈ ಹಿತ್ತಾಳೆಯನ್ನು ತಿನ್ನುತ್ತದೆ. ಆದುದರಿಂದ ಹಲವು ಹಳೆಯ ಗೇರುಪೆಟ್ಟಿಗೆಗಳಿಗೆ ಜಿ.ಎಲ್.-4 ಎಂದು ಗುರುತಿಸಿದ ಎಣ್ಣೆಯನ್ನೂ, ಹಿಂದಿನ ಅಚ್ಚಿಗೆ ಜಿ.ಎಲ್.-5 ಎಂದು ಗುರುತಿಸಿದ ಎಣ್ಣೆಯನ್ನೂ ಹೇಳುತ್ತಾರೆ. ಗ್ಯಾರೇಜುಗಳಲ್ಲಿ ಎರಡಕ್ಕೂ ‘ತೊಂಬತ್ತು ನಂಬರು’ ಎಂಬ ಒಂದೇ ಹೆಸರು. ಆ ತೊಂಬತ್ತು ಎಣ್ಣೆಯ ಮಂದತೆಯ ಅಂಕಿಯೇ ಹೊರತು ಅದರ ಗುಣವನ್ನು ತಿಳಿಸುವುದಿಲ್ಲ. ಗಾಡಿಯೊಡನೆ ಬಂದ ಕೈಪಿಡಿಯನ್ನು ನೋಡಿ, ಡಬ್ಬಿಯ ಮೇಲಿನ ಎರಡು ಗುರುತುಗಳನ್ನೂ ಓದಿ ಕೊಂಡುತರುವುದೇ ಕ್ಷೇಮ.

ಮಲೆನಾಡಿನಲ್ಲಿ ಈ ಎಣ್ಣೆಗೆ ಇನ್ನೊಬ್ಬ ಶತ್ರುವುಂಟು. ಹಿಂದಿನ ಅಚ್ಚಿನ ಗೂಡು ಪೂರ್ತಿ ಮುಚ್ಚಿದ ಪೆಟ್ಟಿಗೆಯಲ್ಲ. ಕಾದ ಗಾಳಿ ಹೊರಹೋಗಲೆಂದು ಅದರ ನೆತ್ತಿಯ ಮೇಲೆ ಬ್ರೀದರ್ ಎಂಬ ಸಣ್ಣ ಮೂಗು ಇರುತ್ತದೆ. ಆಷಾಢದ ಮಳೆಯಲ್ಲಿ ದೂರದಿಂದ ಓಡಿಬಂದ ಗಾಡಿಯು, ತೋಟದ ಮನೆಯ ದಾರಿಯಲ್ಲಿ ತುಂಬಿ ಹರಿಯುವ ಹಳ್ಳಕ್ಕೆ ಇಳಿಯಿತೆನ್ನಿ. ಬಿಸಿಯಾಗಿದ್ದ ಗೂಡು ತಣ್ಣೀರಿನಲ್ಲಿ ಮುಳುಗಿದೊಡನೆ ಒಳಗಿನ ಗಾಳಿ ಕುಗ್ಗುತ್ತದೆ. ಆ ಮೂಗಿನಿಂದಲೋ, ಸವೆದ ಸೀಲಿನ ಅಂಚಿನಿಂದಲೋ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಹಲ್ಲುಚಕ್ರಗಳು ಆ ನೀರನ್ನೂ ಎಣ್ಣೆಯನ್ನೂ ಮೊಸರು ಕಡೆದಂತೆ ಕಡೆಯುತ್ತವೆ. ಹೊರಗಿನಿಂದ ನೋಡಿದವರಿಗೆ ಏನೂ ತಿಳಿಯದು. ಒಳಗೆ ಬೇರಿಂಗುಗಳು ತುಕ್ಕು ಹಿಡಿಯತೊಡಗಿರುತ್ತವೆ.

ಹೀಗೆ ಎಣ್ಣೆಯನ್ನು ನೋಡಬೇಕಾದ ಕಾಲವು ತಾನಾಗಿಯೇ ಒದಗಿಬರುತ್ತದೆ. ಮಳೆಗಾಲ ಹಿಂದೆಗೆಯುವ ಹೊತ್ತಿಗೆ ನವರಾತ್ರಿ. ಮಹಾನವಮಿಯ ಆಯುಧಪೂಜೆಗೆ ಕಾರನ್ನು ತೊಳೆದು, ಅರಿಶಿನ ಕುಂಕುಮವಿಟ್ಟು, ಚೆಂಡುಹೂವಿನ ಹಾರ ಹಾಕಿ, ಚಕ್ರದ ಕೆಳಗೆ ನಿಂಬೆಹಣ್ಣನ್ನಿಟ್ಟು ಓಡಿಸುವ ಮನೆಗಳೆಷ್ಟೋ! ಹೂವು ಏರುವ ಮುಂಭಾಗಕ್ಕಿಂತ ಹೆಚ್ಚು ದುಡಿದದ್ದು ಕೆಳಗಿನ ಎರಡು ಗೂಡುಗಳು. ಹಬ್ಬಕ್ಕೆ ಮುಂಚಿನ ಭಾನುವಾರದ ಒಂದು ಬೆಳಗನ್ನು ಅವುಗಳಿಗೆ ಮೀಸಲಿಟ್ಟರೆ, ಹಬ್ಬದ ರಜೆಯಲ್ಲಿ ಘಟ್ಟ ಇಳಿಯುವ ಸಂಸಾರಕ್ಕೆ ಅದೇ ರಕ್ಷೆ.

ಈ ಕೆಲಸವನ್ನು ಮನೆಯಲ್ಲಿ ಮಾಡುವುದು ಅಸಾಧ್ಯವೇನಲ್ಲ. ಬೇಕಾದದ್ದು ಎಚ್ಚರ, ತಾಳ್ಮೆ, ಸರಿಯಾದ ಅಳತೆಯ ಸ್ಪ್ಯಾನರು, ಅಗಲವಾದ ತಟ್ಟೆ, ಎಣ್ಣೆ ತುಂಬುವ ಕೈಪಂಪು ಅಥವಾ ಉದ್ದನೆಯ ಕೊಳವೆ ಜೋಡಿಸಿದ ಆಲಿಕೆ, ಹಳೆಯ ಬಟ್ಟೆ. ಮೊದಲು ಗಾಡಿಯನ್ನು ಹದಿನೈದು ಇಪ್ಪತ್ತು ನಿಮಿಷ ಓಡಿಸಿ ತರಬೇಕು. ತಣ್ಣಗಿರುವ ಗೇರಿನ ಎಣ್ಣೆಯು ಜೋನಿಬೆಲ್ಲದಂತೆ ಇಳಿಯುತ್ತದೆ. ಬೆಚ್ಚಗಾದದ್ದು ತಳದ ಕಲ್ಮಷವನ್ನೂ ಹೊತ್ತು ಸರಾಗವಾಗಿ ಹೊರಬರುತ್ತದೆ. ಕೈ ಸುಡುವಷ್ಟು ಬಿಸಿಯೂ ಸಲ್ಲದು.

ಗಾಡಿಯ ಕೆಳಗೆ ಮಲಗುವ ಕೆಲಸವಾದ್ದರಿಂದ ಪ್ರಾಣಕ್ಕೆ ಸಂಬಂಧಿಸಿದ ಮಾತನ್ನು ಮೊದಲು ಹೇಳಬೇಕು. ಬರಿಯ ಜಾಕನ್ನು ನಂಬಿ ಯಾರೂ ಗಾಡಿಯ ಕೆಳಗೆ ತೂರಬಾರದು. ಜಾಕು ಎತ್ತುವುದಕ್ಕಾಗಿ ಇರುವುದು. ಹೊತ್ತು ನಿಲ್ಲುವುದಕ್ಕೆ ಗಟ್ಟಿಯಾದ ಕಬ್ಬಿಣದ ಸ್ಟ್ಯಾಂಡುಗಳು ಬೇಕು. ಮಲೆನಾಡಿನ ಅಂಗಳವು ಮಳೆಗಾಲ ಮುಗಿದು ವಾರಗಳಾದರೂ ಮೆತ್ತಗಿರುತ್ತದೆ. ಜಾಕಿನ ಅಡಿ ಅದರಲ್ಲಿ ಇಳಿದು ವಾಲಬಹುದು. ಆದುದರಿಂದ ಸ್ಟ್ಯಾಂಡುಗಳ ಅಡಿಗೆ ದಪ್ಪನೆಯ ಹಲಗೆಗಳನ್ನು ಹಾಸಬೇಕು. ಇಟ್ಟಿಗೆಯಾಗಲಿ ಜಂಬಿಟ್ಟಿಗೆಯಾಗಲಿ ಸ್ಟ್ಯಾಂಡಿಗೆ ಬದಲಾಗಲಾರದು; ಭಾರಕ್ಕೆ ಅದು ಒಮ್ಮೆಲೇ ಸಿಡಿಯುತ್ತದೆ. ನಾಲ್ಕು ಚಕ್ರಗಳ ಕಡೆಯೂ ಸಮನಾಗಿ ಎತ್ತಿ, ಗಾಡಿಯನ್ನು ಮಟ್ಟವಾಗಿ ನಿಲ್ಲಿಸುವುದು ಅವಶ್ಯ. ಓರೆಯಾಗಿ ನಿಂತ ಗಾಡಿಯಲ್ಲಿ ಎಣ್ಣೆಯ ಮಟ್ಟ ಸುಳ್ಳು ಹೇಳುತ್ತದೆ. ಎತ್ತರವಾಗಿ ನಿಲ್ಲುವ ಜೀಪಿನಂಥ ಗಾಡಿಯಾದರೆ ಎತ್ತುವ ಗೋಜೇ ಇಲ್ಲ. ಸಮನಾದ ನೆಲದಲ್ಲಿ ಚಕ್ರಗಳಿಗೆ ಹಿಂದೆ ಮುಂದೆ ಅಡೆಕೊಟ್ಟು ಕೆಲಸ ಮಾಡಬಹುದು.

ಅಚ್ಚಿನ ಗೂಡಿನಲ್ಲಿ ಸಾಮಾನ್ಯವಾಗಿ ಎರಡು ಬಿರಡೆಗಳಿರುತ್ತವೆ. ತಳದಲ್ಲಿರುವುದು ಎಣ್ಣೆ ಇಳಿಸುವುದಕ್ಕೆ. ಪಕ್ಕದಲ್ಲಿ ಎತ್ತರವಾಗಿರುವುದು ತುಂಬುವುದಕ್ಕೆ ಮತ್ತು ಮಟ್ಟ ನೋಡುವುದಕ್ಕೆ. ಗೇರುಪೆಟ್ಟಿಗೆಯಲ್ಲಿಯೂ ಬಹುಮಟ್ಟಿಗೆ ಇದೇ ಏರ್ಪಾಡು. ಮೊದಲು ತೆರೆಯಬೇಕಾದದ್ದು ಮೇಲಿನ ಬಿರಡೆ. ವರ್ಷಗಟ್ಟಲೆ ಕೆಸರು ಮೆತ್ತಿ ತುಕ್ಕು ಹಿಡಿದ ಬಿರಡೆಯು ಕೆಲವೊಮ್ಮೆ ಏನು ಮಾಡಿದರೂ ಬಿಚ್ಚುವುದಿಲ್ಲ. ತಳದ ಬಿರಡೆ ತೆಗೆದು ಎಣ್ಣೆಯನ್ನೆಲ್ಲ ಚೆಲ್ಲಿದ ಮೇಲೆ ಇದು ತಿಳಿದುಬಂದರೆ, ತುಂಬುವ ದಾರಿಯಿಲ್ಲದೆ ಗಾಡಿ ಅಂಗಳದಲ್ಲಿಯೇ ಕೂರುತ್ತದೆ. ಮೇಲಿನದು ಬಿಚ್ಚಿತೆಂದು ಖಚಿತವಾದ ಬಳಿಕವೇ ಕೆಳಗಿನದಕ್ಕೆ ಸ್ಪ್ಯಾನರು ಹಾಕುವುದು ಅನುಭವಿಗಳ ಪದ್ಧತಿ.

ಇಳಿದ ಎಣ್ಣೆಯನ್ನು ತಟ್ಟೆಯಲ್ಲಿ ಬೆಳಕಿಗೆ ಹಿಡಿದು ನೋಡುವುದು ಈ ಕೆಲಸದ ಅತ್ಯಂತ ಮುಖ್ಯವಾದ ಘಟ್ಟ. ವೈದ್ಯನು ನಾಡಿ ನೋಡಿದಂತೆ, ಮುಚ್ಚಿದ ಗೂಡಿನ ಒಳಸ್ಥಿತಿಯನ್ನು ಇದರಿಂದ ಅರಿಯಬಹುದು. ಕಪ್ಪಾಗಿದ್ದರೂ ನುಣುಪಾಗಿದ್ದರೆ ಗಾಬರಿಯಿಲ್ಲ. ಬಿರಡೆಯ ತುದಿಯಲ್ಲಿ ಅಯಸ್ಕಾಂತವಿದ್ದಲ್ಲಿ ಅದಕ್ಕೆ ಕಾಡಿಗೆಯಂಥ ಬೂದುಬಣ್ಣದ ಸರಿ ಅಂಟಿರುವುದು ಸಹಜವಾದ ಸವೆತದ ಲಕ್ಷಣ, ಒರೆಸಿ ಹಾಕಿದರಾಯಿತು. ಬೆರಳಿಗೆ ಚುಚ್ಚುವ ಉಕ್ಕಿನ ಚೂರುಗಳು ಸಿಕ್ಕಿದರೆ ಯಾವುದೋ ಹಲ್ಲು ಮುರಿಯುತ್ತಿದೆ. ಬೇರಿಂಗು ಒಡೆಯುತ್ತಿದೆ ಎಂದೂ ಆದೀತು. ಅಂಥ ಗಾಡಿಗೆ ಹೊಸ ಎಣ್ಣೆ ಹಾಕಿ ಘಟ್ಟಕ್ಕೆ ಒಯ್ಯುವುದು ತಿಳಿವಳಿಕೆಯಲ್ಲ. ಗೇರುಪೆಟ್ಟಿಗೆಯ ಎಣ್ಣೆಯಲ್ಲಿ ಹೊನ್ನಿನ ಹುಡಿಯಂತೆ ಹೊಳೆಯುವುದು ಹಿತ್ತಾಳೆಯ ಬಳೆಗಳ ಸವೆತ. ಇನ್ನು ತಟ್ಟೆಗೆ ಇಳಿದದ್ದು ಹಾಲು ಬೆರೆಸಿದ ಕಾಫಿಯ ಬಣ್ಣದ್ದಾಗಿದ್ದರೆ? “ಅಪ್ಪಯ್ಯಾ, ಇದೇನು, ಕಾಫಿ ಬಂತಲ್ಲ!” ಎಂದು ದೀಪ ಹಿಡಿದು ಕೂತ ಮಕ್ಕಳು ನಕ್ಕಾರು, ದೊಡ್ಡವರಿಗೆ ಅದು ನಗುವ ಸಂಗತಿಯಲ್ಲ. ನೀರು ಒಳಹೊಕ್ಕಿದೆ. ಬ್ರೀದರನ್ನು ಬಿಚ್ಚಿ ತೊಳೆದು, ಸೀಲುಗಳನ್ನು ಪರೀಕ್ಷಿಸಿ, ಹೊಸ ಎಣ್ಣೆ ತುಂಬಿ, ಸ್ವಲ್ಪ ದೂರ ಓಡಿಸಿದ ಬಳಿಕ ಇನ್ನೊಮ್ಮೆ ಇಳಿಸಿ ನೋಡಬೇಕು. ಹಳ್ಳ ದಾಟುವಾಗ ಅಚ್ಚು ಮುಳುಗಿದ ಗಾಡಿಗಂತೂ ಕೈಪಿಡಿಯ ಕಿಲೋಮೀಟರಿನ ಲೆಕ್ಕ ಅನ್ವಯಿಸದು. ಎಣ್ಣೆಯನ್ನು ಕೂಡಲೇ ಪರೀಕ್ಷಿಸಬೇಕು.

ತೊಟ್ಟಿಕ್ಕುವುದು ನಿಂತ ಮೇಲೆ ಬಿರಡೆಯನ್ನು ಒರೆಸಿ, ವಾಷರು ಹೊಸದು ಹಾಕಿ, ಕೈಯಿಂದಲೇ ಎಳೆ ಹಿಡಿಸಿ, ಆಮೇಲೆ ಸ್ಪ್ಯಾನರಿನಿಂದ ಹದವಾಗಿ ಬಿಗಿಯಬೇಕು. ಗೂಡಿನ ಎಳೆಗಳು ಕೆಟ್ಟರೆ ಅದರ ರಿಪೇರಿ ಎಣ್ಣೆಯ ಬೆಲೆಗಿಂತ ಎಷ್ಟೋ ಪಾಲು ದುಬಾರಿ. ಬಳಿಕ ಮೇಲಿನ ರಂಧ್ರದಿಂದ ಹೊಸ ಎಣ್ಣೆಯನ್ನು ನಿಧಾನವಾಗಿ ತುಂಬುವುದು. ಮಂದವಾದ ಎಣ್ಣೆಯು ಒಳಗೆ ಹರಡಿಕೊಳ್ಳಲು ಸಮಯ ಬೇಡುತ್ತದೆ. ರಂಧ್ರದ ಅಂಚಿಗೆ ಬಂದು ಎಳೆಯಾಗಿ ಹೊರಚೆಲ್ಲತೊಡಗಿದಾಗ ನಿಲ್ಲಿಸಿ, ಹೆಚ್ಚಿನದು ತಾನಾಗಿ ಸುರಿದುಹೋಗಲು ಬಿಟ್ಟು, ಬಿರಡೆ ಹಾಕಬೇಕು. ಎಣ್ಣೆಯು ರಂಧ್ರದ ಕೆಳಅಂಚಿಗೆ ಸಮನಾಗಿರುವುದೇ ಬಹುತೇಕ ಗಾಡಿಗಳಲ್ಲಿ ಸರಿಯಾದ ಮಟ್ಟ.

ಇಷ್ಟಿದ್ದರೆ ಒಳ್ಳೆಯದು, ಇನ್ನಷ್ಟಿದ್ದರೆ ಇನ್ನೂ ಒಳ್ಳೆಯದೆಂಬ ಲೆಕ್ಕ ಇಲ್ಲಿ ನಡೆಯದು. ಮಟ್ಟ ಮೀರಿ ತುಂಬಿದ ಅಚ್ಚಿನಲ್ಲಿ ಎಣ್ಣೆ ಕಾದು ಉಬ್ಬಿ, ದಂಡಗಳ ಗುಂಟ ಹರಿದು, ಕೊನೆಯ ಸೀಲನ್ನು ದಾಟಿ ಚಕ್ರದ ಬ್ರೇಕು ಡ್ರಮ್ಮಿನೊಳಕ್ಕೆ ಇಳಿಯಬಹುದು. ಎಣ್ಣೆ ಕುಡಿದ ಬ್ರೇಕಿನ ಪಟ್ಟಿ ಚಕ್ರವನ್ನು ಹಿಡಿಯಲಾರದು. ಬಯಲಿನಲ್ಲಿ ಒಂದಿಷ್ಟು ಮುಂದಕ್ಕೆ ಹೋಗಿ ನಿಲ್ಲುವ ಗಾಡಿ, ಆಗುಂಬೆಯ ತಿರುವಿನಲ್ಲಿ ಎಲ್ಲಿ ನಿಂತೀತೆಂದು ಹೇಳಬೇಕಾಗಿಲ್ಲ. ಬ್ರೀದರಿನ ಮೂಗು ಕೆಸರಿನಿಂದ ಕಟ್ಟಿಕೊಂಡಿದ್ದರೂ ಇದೇ ಅನಾಹುತ: ಹೊರಹೋಗಲು ದಾರಿಯಿಲ್ಲದ ಗಾಳಿಯು ಎಣ್ಣೆಯನ್ನು ಸೀಲಿನ ಮೂಲಕ ನೂಕುತ್ತದೆ. ಒಂದು ಚೂರು ತಂತಿ, ಎರಡು ನಿಮಿಷದ ಕೆಲಸ. ಅದನ್ನು ಮರೆತರೆ ಉಳಿದದ್ದೆಲ್ಲ ವ್ಯರ್ಥ.

ಇಳಿಸಿದ ಹಳೆಯ ಎಣ್ಣೆಯನ್ನೇನು ಮಾಡುವುದು? ಹಿಂದೆ ಬೇಲಿಯ ಗೂಟಗಳಿಗೆ ಗೆದ್ದಲು ಹತ್ತದಿರಲೆಂದು ಬಳಿಯುವುದಿತ್ತು. ಮಿಕ್ಕದ್ದನ್ನು ಹಿತ್ತಿಲಿಗೆ ಚೆಲ್ಲುವುದಿತ್ತು. ಆಗುಂಬೆಯಂಥ ನೆತ್ತಿಯ ಊರಿನಲ್ಲಿ ಚೆಲ್ಲಿದ್ದು ಚೆಲ್ಲಿದಲ್ಲಿಯೇ ಉಳಿಯುವುದಿಲ್ಲ. ಮುಂದಿನ ಮಳೆಗೆ ಅದು ಒಂದು ಕಡೆ ಮಾಲತಿಯ ಹಳ್ಳಕ್ಕೆ, ಇನ್ನೊಂದು ಕಡೆ ಸೀತಾನದಿಯ ಕಣಿವೆಗೆ ಇಳಿಯುತ್ತದೆ. ಆ ಕಣಿವೆಯೆಂದರೆ 1974ರಲ್ಲಿ ಸ್ಥಾಪಿತವಾದ ಸೋಮೇಶ್ವರ ವನ್ಯಧಾಮದ ನಾಡು. ಸಿಂಗಳೀಕ, ಕಾಳಿಂಗಸರ್ಪಗಳ ನೆಲೆ. ಮಳೆಗಾಲದ ರಾತ್ರಿಗಳಲ್ಲಿ ಕಪ್ಪೆಗಳ ಕೂಗಿನಿಂದ ತುಂಬುವ ಕಾಡು. ಬಳಸಿದ ಎಣ್ಣೆಯನ್ನು 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ತರಲಾಗಿದೆ. ಮುಚ್ಚಳವಿರುವ ಡಬ್ಬಿಯಲ್ಲಿ ತುಂಬಿ, ಹಳೆಯ ಎಣ್ಣೆಯನ್ನು ಶುದ್ಧೀಕರಣಕ್ಕೆ ಕಳುಹಿಸುವ ಗ್ಯಾರೇಜಿಗೋ ಪರವಾನಗಿಯುಳ್ಳ ಸಂಗ್ರಾಹಕರಿಗೋ ಒಪ್ಪಿಸುವುದು ಕೆಲಸದ ಕೊನೆಯ ಭಾಗ. ತಟ್ಟೆಯನ್ನು ಒರೆಸಿದ ಬಟ್ಟೆಯನ್ನೂ ಬಾವಿಯ ಕಟ್ಟೆಗೆ ಒಯ್ಯಬಾರದು.

ಈ ವಿವರಗಳೆಲ್ಲ ಎಲ್ಲ ಕಾರುಗಳಿಗೂ ಒಂದೇ ರೀತಿಯಲ್ಲಿ ಅನ್ವಯಿಸುವುದಿಲ್ಲ. ಪಶ್ಚಿಮ ಬಂಗಾಳದ ಉತ್ತರಪಾರದ ಕಾರ್ಖಾನೆಯಿಂದ 1950ರ ದಶಕದ ಕೊನೆಯಲ್ಲಿ ಹೊರಟ ಅಂಬಾಸಿಡರ್ 2014ರಲ್ಲಿ ನಿಂತುಹೋಯಿತು. ಮುಂಬಯಿಯ ಕುರ್ಲಾದಲ್ಲಿ ಹುಟ್ಟುತ್ತಿದ್ದ ಪ್ರೀಮಿಯರ್ ಪದ್ಮಿನಿ ಅದಕ್ಕೂ ಮುಂಚೆಯೇ ಕಣ್ಮರೆಯಾಗಿತ್ತು. ಎರಡೂ ಹಿಂದಿನ ಚಕ್ರದಿಂದ ಓಡುತ್ತಿದ್ದ ಕಾರುಗಳು. ಒಂದು ಕಾಲದಲ್ಲಿ ಘಟ್ಟ ಇಳಿದ ಸಂಸಾರಗಳಲ್ಲಿ ಬಹುಪಾಲು ಇವುಗಳಲ್ಲಿಯೇ ಇಳಿದವು. ಈಗಿನ ಸಣ್ಣ ಕಾರುಗಳಲ್ಲಿ ಬಲವೆಲ್ಲ ಮುಂದಿನ ಚಕ್ರಗಳಿಗೆ. ಅವುಗಳ ಡಿಫರೆನ್ಷಿಯಲ್ ಗೇರುಪೆಟ್ಟಿಗೆಯ ಮನೆಯೊಳಗೇ ಸೇರಿಕೊಂಡಿದೆ. ಎರಡಕ್ಕೂ ಒಂದೇ ಎಣ್ಣೆ, ಅದೂ ಎಷ್ಟೋ ಸಲ ತೆಳುವಾದದ್ದು. ತಾನಾಗಿಯೇ ಗೇರು ಬದಲಿಸಿಕೊಳ್ಳುವ ಆಟೊಮ್ಯಾಟಿಕ್ ಕಾರುಗಳ ದ್ರವವೇ ಬೇರೆ, ಅದರ ಮಟ್ಟ ನೋಡುವ ಕ್ರಮವೂ ಬೇರೆ. ಹಲವು ಗಾಡಿಗಳಲ್ಲಿ ದ್ರವವು ಇಂತಿಷ್ಟು ಉಷ್ಣಾಂಶದಲ್ಲಿರುವಾಗಲೇ ಅಳೆಯಬೇಕು. ಅದನ್ನು ಬಲ್ಲವರಿಗೆ ಬಿಡುವುದು ಲೇಸು. ಆದರೆ ಮಲೆನಾಡಿನ ತೋಟಗಳ ದಾರಿಯಲ್ಲಿ ಜೀಪುಗಳು ಇಂದಿಗೂ ಓಡುತ್ತಿವೆ. ನಾಲ್ಕೂ ಚಕ್ರಗಳಿಂದ ಎಳೆಯುವ ಜೀಪಿಗೆ ಹಿಂದೊಂದು, ಮುಂದೊಂದು ಡಿಫರೆನ್ಷಿಯಲ್. ನಡುವೆ ಬಲವನ್ನು ಹಂಚುವ ಇನ್ನೊಂದು ಪೆಟ್ಟಿಗೆ. ನೋಡಿಕೊಳ್ಳಬೇಕಾದ ಎಣ್ಣೆಗಳೂ ಅಷ್ಟು ಹೆಚ್ಚು. ಉಳಿಸಿಕೊಂಡ ಹಳೆಯ ಕಾರಿನ ಸೀಲು, ವಾಷರುಗಳಿಗಾಗಿ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳನ್ನು ಹುಡುಕಿಕೊಂಡು ಹೋಗುವವರೂ ಇದ್ದಾರೆ.

ಎಣ್ಣೆ ಬದಲಿಸಿದ ಮೇಲೆ ಗಾಡಿಯನ್ನು ಊರ ಸುತ್ತ ಒಮ್ಮೆ ಓಡಿಸಿ, ರಾತ್ರಿ ಬಿರಡೆಗಳ ನೇರ ಕೆಳಗೆ ಹಳೆಯ ಪತ್ರಿಕೆಯನ್ನು ಹಾಸಿಡುವುದು ಒಳ್ಳೆಯ ಅಭ್ಯಾಸ. ಬೆಳಗ್ಗೆ ಅದರ ಮೇಲೆ ಕಲೆಯಿಲ್ಲದಿದ್ದರೆ ಬಿಗಿತ ಸರಿಯಾಗಿದೆ. ಅಂದಿನ ತಾರೀಖು, ಗಾಡಿ ಓಡಿದ ಕಿಲೋಮೀಟರು, ಎಣ್ಣೆಯ ಗುರುತು—ಈ ಮೂರನ್ನು ಕೈಪಿಡಿಯ ಕೊನೆಯ ಹಾಳೆಯಲ್ಲಿ ಬರೆದಿಟ್ಟರೆ, ಮುಂದೆ ಆ ಗಾಡಿಯನ್ನು ನಡೆಸುವ ಮಗನಿಗೋ ಮಗಳಿಗೋ ಊಹಿಸುವ ಕಷ್ಟವಿರುವುದಿಲ್ಲ.

ಹಬ್ಬ ಕಳೆದು ಪಯಣ ಹೊರಟ ಸಂಸಾರವು ಹದಿನಾಲ್ಕನೆಯ ತಿರುವನ್ನು ಸುತ್ತಿ ಇಳಿಯುವ ಹೊತ್ತಿಗೆ ಗಾಳಿ ಬೆಚ್ಚಗಾಗಿರುತ್ತದೆ. ಮಂಜು ಮೇಲೆಯೇ ಉಳಿದಿರುತ್ತದೆ. ಸೋಮೇಶ್ವರದಲ್ಲಿ ಮಕ್ಕಳು ಕಾಲು ಚಾಚಲೆಂದು ಕೆಳಗಿಳಿಯುತ್ತಾರೆ. ಗಾಡಿ ನಡೆಸಿದವರು ಆ ಬಿಡುವಿನಲ್ಲಿ ಹಿಂದಕ್ಕೆ ಹೋಗಿ, ಕುಕ್ಕರುಗಾಲಿನಲ್ಲಿ ಕುಳಿತು, ಎರಡು ಚಕ್ರಗಳ ಒಳಮೈಯನ್ನೂ ಅಚ್ಚಿನ ಗೂಡನ್ನೂ ಒಮ್ಮೆ ನೋಡಬೇಕು. ಅಲ್ಲಿ ಎಣ್ಣೆಯ ತೇವವಿಲ್ಲದೆ ಬರಿಯ ಧೂಳು ಕೂತಿದ್ದರೆ, ಹೆಬ್ರಿಯ ದಾರಿಯನ್ನು ನಿಶ್ಚಿಂತೆಯಿಂದ ಹಿಡಿಯಬಹುದು.